ಸೂರ್ಯನನ್ನು ನಂದಿಸುವವನ ವಕೀಲ

ನನ್ನ ಸೋದರಮಾವನಿಗೆ ಕಾನೂನು ಗೊತ್ತಿರಲಿಲ್ಲ, ಕರಿ ಕೋಟು ಇರಲಿಲ್ಲ, ಕೋರ್ಟಿನ ಮೆಟ್ಟಿಲನ್ನಂತೂ ಅವನು ಹತ್ತಿದವನೇ ಅಲ್ಲ. ಆದರೂ ತೊಂಬತ್ತರ ದಶಕದಲ್ಲಿ ಇಡೀ ಮಸ್ಕಿಯಲ್ಲಿ ಅವನಷ್ಟು ನಿಷ್ಠಾವಂತ ವಕೀಲ ಇನ್ನೊಬ್ಬನಿರಲಿಲ್ಲ. ಕಕ್ಷಿದಾರ ಯಾರು ಅಂತೀರಾ? ಟಿವಿಯಲ್ಲಿ ಬರುತ್ತಿದ್ದ ಒಬ್ಬ ಕೋಡಿನ ಮಾಂತ್ರಿಕ!

ಭಾನುವಾರ ಬೆಳಿಗ್ಗೆ ಹಿಂದಿಯಲ್ಲಿ ಒಂದು ಕಾರ್ಟೂನ್ ಧಾರಾವಾಹಿ ಬರುತ್ತಿತ್ತು. ಒಬ್ಬ ರಾಜಕುಮಾರ ರೆಕ್ಕೆಯಿರುವ ಮೇಕೆಯನ್ನೇರಿ ಹಾರಾಡುತ್ತಿದ್ದ. ಮಾಂತ್ರಿಕ ಅವನ ವೈರಿ. ಮಾಂತ್ರಿಕನಿಗಿದ್ದ ಗುರಿ ಒಂದೇ, ಸೂರ್ಯನನ್ನು ನಂದಿಸುವುದು. ಯಾಕೆ ನಂದಿಸಬೇಕು? ಬರೆದವರು ಹೇಳಿರಲಿಲ್ಲ. ಕೆಟ್ಟವನು, ಅದಕ್ಕೆ ನಂದಿಸುತ್ತಾನೆ, ಅಷ್ಟೇ!

ಮಾವನದು ಸೈಕಲ್ ರಿಪೇರಿ ಅಂಗಡಿ, ಅದರ ಹಿಂದೆಯೇ ತಗಡಿನ ಮನೆ. ಬೇಸಿಗೆಯಲ್ಲಿ ಆ ತಗಡಿನ ಕೆಳಗೆ ಬೆವರೊರೆಸಿಕೊಳ್ಳುತ್ತ ಕೂತು ಮಾವ ಮಾಂತ್ರಿಕನ ಗರ್ಜನೆ ಕೇಳಿದ. ಚಿಕ್ಕಂದಿನಲ್ಲಿ ಉರ್ದು ಶಾಲೆಗೆ ಹೋದವನಾದ್ದರಿಂದ ಹಿಂದಿ ಅರ್ಥವಾಗುತ್ತಿತ್ತು.

"ಸೂರ್ಯನ್ನ ಆರಸ್ತೀನಿ ಅನ್ನಾಕತ್ಯಾನಲೇ!" ಎಂದು ನೆಟ್ಟಗೆ ಕೂತ. "ಇಂಥಾ ಭಲೇ ಮನುಷ್ಯಾನ್ನ ಕೆಟ್ಟಾವ ಅಂತ ತೋರಸ್ತಾರಲ್ಲ, ಇದನ್ನ ಬರದಾವ ಮಸ್ಕ್ಯಾಗ ಒಂದರ ಬ್ಯಾಸಿಗಿ ಕಳದಾನೇನು?"

ಕಾಲೇಜು ಓದುತ್ತಿದ್ದ ನಾನು ತರ್ಕ ತೆಗೆದೆ. "ಮಾವ, ಸೂರ್ಯ ಆರಿದ್ರ ಅವನೂ ಸಾಯ್ತಾನಲ್ಲ? ಅವಂಗೇನು ಲಾಭ?"

"ಅಂದ್ರ ತನ್ನ ಸಲುವಾಗಿ ಮಾಡಾಕತ್ತಿಲ್ಲ ಅಂದಂಗಾತು. ನಿಸ್ವಾರ್ಥಿ ಅದಾನ!"

ರಾಜಕುಮಾರನ ಮೇಲೆ ಮಾತ್ರ ಅವನಿಗೆ ಎಳ್ಳಷ್ಟೂ ಭರೋಸೆ ಇರಲಿಲ್ಲ. "ಮೇಕಿಗೆ ರೆಕ್ಕಿ ಬಂದ್ರ ಹೊಲಕ್ಕ ಬೇಲಿ ಹಾಕಿದಾವ ಏನು ಮಾಡಬೇಕು? ಇಚಾರ ಮಾಡ್ಯಾನೇನು ಅವ?"

ವಕಾಲತ್ತು ಮನೆಯಲ್ಲೇ ಉಳಿಯಲಿಲ್ಲ. ಸಾಮಾನು ತರಲು ಲಿಂಗಸುಗೂರಿಗೆ ಹೊರಟಾಗ ಬಸ್ಸಿನಲ್ಲೂ ಶುರು. ಬಿಸಿಲಿನ ಕಡೆ ಕೂತವರೆಲ್ಲ ಮಾಂತ್ರಿಕನ ಪಕ್ಷ ವಹಿಸಿದರು, ನೆರಳಿನ ಕಡೆಯವರು ರಾಜಕುಮಾರನ ಪಕ್ಷ. ಗದ್ದಲವೋ ಗದ್ದಲ! ಅಷ್ಟರಲ್ಲಿ ರಸ್ತೆ ತಿರುಗಿತು, ಬಿಸಿಲು ಆ ಕಡೆಯಿಂದ ಈ ಕಡೆ ಬಂತು. ಪಕ್ಷಗಳೂ ಅದಲುಬದಲಾದವು! ಮಾವ ಮಾತ್ರ ತಣ್ಣಗೆ ನೆರಳಲ್ಲಿ ಕೂತೂ ಪಕ್ಷ ಬಿಡಲಿಲ್ಲ.

"ಯಜಮಾನ್ರ, ಬಸ್ಸಿನ್ಯಾಗ ಖರೇ ವಕೀಲ್ರಂದ್ರ ನೀವೊಬ್ರೇ. ಈಗರ ಟಿಕೇಟು ತಗೋರಿ," ಎಂದ ಕಂಡಕ್ಟರ್.

ಇದೆಲ್ಲ ನಗೆಯಲ್ಲೇ ಮುಗಿಯಬೇಕಿತ್ತು. ಆದರೆ ಒಂದು ಭಾನುವಾರ ಸರಿಯಾಗಿ ಅದೇ ಹೊತ್ತಿಗೆ ಬಳಗಾನೂರಿನಿಂದ ಅವನ ಮಗಳನ್ನು ನೋಡಲು ಬಂದರು. ಹುಡುಗನಿಗೆ ಸಿಂಧನೂರಿನಲ್ಲಿ ರೇಡಿಯೊ ಅಂಗಡಿ, ಅವನ ಅಪ್ಪನಿಗೆ ಕಾಲುವೆ ಕೆಳಗೆ ಭತ್ತದ ಗದ್ದೆ. ಮಾವ ಟಿವಿ ಬಂದ್ ಮಾಡಿದನೇ? ಛೆ! ಕಕ್ಷಿದಾರನ ಕೈ ಬಿಡುವುದುಂಟೇ?

"ಆ ಕೋಡಿನಾವ ಯಾರ್ರೀ?" ಎಂದರು ಹುಡುಗನ ಅಪ್ಪ. ಮಾವ ಸವಿಸ್ತಾರವಾಗಿ ಹೇಳಿದ.

"ಹುಚ್ಚನ ಅವ? ಬಿಸಲಿಲ್ಲಂದ್ರ ನಮ್ಮ ನೆಲ್ಲು ಹೆಂಗ ಬಲೀತಾವ?"

"ಕಾಲುವಿ ನೀರು ನಿಮಗ ಬೇಕು, ಬಿಸಲೂ ನಿಮಗ ಬೇಕು. ಮಸ್ಕಿ ಮಂದಿಗೆ ಏನು ಬಿಡತೀರಿ?"

"ಬೀಗತನಕ್ಕ ಕರಿಸೀರೋ, ಜಗಳಕ್ಕ ಕರಿಸೀರೋ?"

ಮುಂದಿಟ್ಟ ಉಪ್ಪಿಟ್ಟು ಹಾಗೇ ಆರಿತು.

ಒಂದು ಮಾತು ನಿಮಗೆ ಹೇಳಲೇ ಇಲ್ಲ. ಮಾವನ ಮಗಳಿಗೆ ಹುಟ್ಟಿನಿಂದಲೇ ಕೂದಲು, ರೆಪ್ಪೆ, ಮೈ ಎಲ್ಲ ಹಾಲಿನಂತೆ ಬಿಳಿ. ಬಿಸಿಲಿಗೆ ಬಂದರೆ ಮೈ ಉರಿಯುತ್ತಿತ್ತು, ಕಣ್ಣು ತೆರೆಯಲಾಗುತ್ತಿರಲಿಲ್ಲ. ಬಂದವರಿಗೆ ಇದು ಮೊದಲೇ ಗೊತ್ತಿತ್ತು. ಅಡುಗೆಮನೆ ಅಂಗಳದಾಚೆ. ಹಿರಿಯರು ಸೂರ್ಯನಿಗಾಗಿ ಕಚ್ಚಾಡುತ್ತಿದ್ದಾಗ ಅವಳು ಟೀ ತಟ್ಟೆ ಹಿಡಿದು, ಕಣ್ಣು ಮುಚ್ಚಿಕೊಂಡೇ, ಕಾಲಿನ ಅಂದಾಜಿನಲ್ಲಿ ಅಂಗಳ ದಾಟಿದಳು. ಒಂದು ಹನಿಯೂ ಚೆಲ್ಲಲಿಲ್ಲ. ನನ್ನನ್ನು ಬಿಟ್ಟರೆ ನೋಡಿದವನು ಹುಡುಗನೊಬ್ಬನೇ. ಮರುಕ್ಷಣ ಅವನ ಅಪ್ಪ ಅವನ ರಟ್ಟೆ ಹಿಡಿದು ಎಬ್ಬಿಸಿಕೊಂಡು ಹೋದರು.

ಅತ್ತೆ ಅಳುತ್ತಾ ಕೂಗಾಡಿದಳು. "ಮಗಳ ಲಗ್ನ ಕೆಡಿಸಿ ಆ ಕೋಡಿನಾವನ ವಕಾಲತ್ತು ಮಾಡ್ತೀರಲ್ರೀ!"

ಮಾವ ಎದ್ದು ಟಿವಿ ಬಂದ್ ಮಾಡಿದ. "ಪೂರಾ ಆರಸಾದು ಬ್ಯಾಡ," ಎಂದ ತಲೆ ತಗ್ಗಿಸಿ. "ಆಕಿ ಹೊರಗ ಬಂದಾಗ ಒಂದೀಟು ಕಮ್ಮಿ ಮಾಡಿದ್ರ ಸಾಕಿತ್ತು."

ಅಲ್ಲಿಯವರೆಗೆ ನಕ್ಕ ನಮಗ್ಯಾರಿಗೂ ಆಮೇಲೆ ನಗು ಬರಲಿಲ್ಲ.

ಮುಂದಿನ ವಾರ ಹುಡುಗ ಒಬ್ಬನೇ ಬಂದ, ಬಗಲಲ್ಲಿ ಕರಿ ಛತ್ರಿ.

"ನಿಮ್ಮಪ್ಪ?" ಎಂದ ಮಾವ ಅಳುಕುತ್ತ.

"ಅಪ್ಪ ಇನ್ನೂ ನೆಲ್ಲಿನ ಸಿಟ್ಟಿನ್ಯಾಗ ಅದಾನ್ರಿ. ಸುಗ್ಗಿ ಆತಂದ್ರ ಇಳೀತೈತಿ." ಅವನು ಬಗಲಿನ ಛತ್ರಿ ಕೈಗೆ ತೆಗೆದುಕೊಂಡ. "ಮಾವಾರ, ಸೂರ್ಯನ್ನ ಆರಸಾದು ನನ್ನ ಕೈಲೆ ಆಗಂಗಿಲ್ಲ. ಛತ್ರಿ ಹಿಡೀತೀನಿ. ನಾಕು ಮಂದ್ಯಾಗ ಹಿಡಿಯಾಕೂ ನನಗೇನು ನಾಚಿಕಿಲ್ಲ."

ಅಡುಗೆಮನೆಯ ಬಾಗಿಲಲ್ಲಿ ಅವಳು ತಟ್ಟೆ ಹಿಡಿದು, ಕಣ್ಣು ಮುಚ್ಚಿಕೊಂಡು ಅಂಗಳಕ್ಕೆ ಕಾಲಿಡುತ್ತಿದ್ದಳು. ಅವನು ಎದ್ದು ಹೋಗಿ ಛತ್ರಿ ಬಿಚ್ಚಿ ಅವಳ ತಲೆಯ ಮೇಲೆ ಹಿಡಿದ. ಅವಳು ನಿಂತಳು. ರೆಪ್ಪೆಗಳು ಅದುರಿದವು. ಮೆಲ್ಲಗೆ ಕಣ್ಣು ಬಿಟ್ಟು ಮೇಲೆ ನೋಡಿದಳು, ಆಮೇಲೆ ಅವನನ್ನು ನೋಡಿದಳು. ಛತ್ರಿಯೆಲ್ಲ ಅವಳ ಮೇಲೇ ಇತ್ತು, ಅವನು ಸುಡುವ ಬಿಸಿಲಲ್ಲಿ ನಿಂತಿದ್ದ.

"ನೀವೂ ನೆಳ್ಳಿಗೆ ಬರ್ರಿ," ಎಂದಳು.