ಸೆಟ್ ಸಾಹೇಬರೇ, ನನ್ನ ಮಗಳ ಮದುವೆ ಮಾತಿನಲ್ಲಿ ತಮಗೇನು ಕೆಲಸ?

ಇಂಗ್ಲಿಷ್ ಸೀಮೆಯಿಂದ ಬಂದು ಶಿಗ್ಗಾವಿ ತಾಲೂಕು ಹಿರೇಬೆಂಡಿಗೇರಿಯ ಮನೆಮನೆಯಲ್ಲೂ ಬಿಡಾರ ಹೂಡಿರುವ ಮಾನ್ಯ ‘ಸೆಟ್’ ಸಾಹೇಬರ ಸನ್ನಿಧಾನಕ್ಕೆ, ಐದನೇ ಇಯತ್ತೆಯಲ್ಲಿ ಶಾಲೆ ಬಿಟ್ಟ ಲಕ್ಕಪ್ಪನು ಅಡ್ಡಬಿದ್ದು ಮಾಡುವ ನಮಸ್ಕಾರಗಳು. ತಾವು ಕ್ಷೇಮವೆಂದು ನಂಬಿದ್ದೇನೆ, ನಾನಂತೂ ಇಲ್ಲ.

ಮಾನ್ಯರೇ, ತಮ್ಮ ದುಡಿಮೆಯನ್ನು ಹೊಗಳಲು ನನ್ನ ಓದು ಸಾಲದು. ಬೆಳಗಾದರೆ ಹೊಲದಲ್ಲಿ ಪಂಪ್‌ಸೆಟ್ ಆಗಿ ಕೆಮ್ಮುತ್ತೀರಿ, ಕಪಾಟಿನಲ್ಲಿ ಟೀ ಸೆಟ್ ಆಗಿ ಧೂಳು ತಿನ್ನುತ್ತೀರಿ, ಸವಣೂರಿನ ಹೋಟೆಲಿನಲ್ಲಿ ಸೆಟ್ ದೋಸೆಯಾಗಿ ಉಬ್ಬುತ್ತೀರಿ, ಸಿಮೆಂಟು ಸೆಟ್ ಆಗಬೇಕೆಂದು ನಮ್ಮ ಕೈಯಿಂದ ಕೊಡಗಟ್ಟಲೆ ನೀರು ಹೊಯ್ಯಿಸುತ್ತೀರಿ, ನೌಕರಿ ಸಿಕ್ಕ ಗಂಡುಮಕ್ಕಳನ್ನು ‘ಲೈಫ್ ಸೆಟ್’ ಮಾಡುತ್ತೀರಿ. ನಮ್ಮೂರ ಕಂದಾಯದ ಲೆಕ್ಕ ಬರೆಯುವ ತಲಾಠಿಗೆ ಇನ್ನೊಂದು ಊರಿನ ಚಾರ್ಜು ಕೊಟ್ಟರೆ ಆತ ರಜೆ ಹಾಕುತ್ತಾನೆ. ತಾವು ಇಷ್ಟೆಲ್ಲ ಹುದ್ದೆ ಹೊತ್ತು ಒಂದು ದಿನವೂ ಗೈರಾದವರಲ್ಲ.

ಆದರೆ ಕಳೆದ ವಾರ ತಾವು ನನ್ನ ತಾಯಿ ಕರೆವ್ವಳ ಬಾಯೊಳಗೂ ಬಂದು ಕುಳಿತಿರಿ. ಹಾನಗಲ್ಲಿನ ಡಾಕ್ಟರು ಹೊಸ ಹಲ್ಲಿನ ಸೆಟ್ ಕೂಡಿಸಿ, ಅದು ಒಗ್ಗುವವರೆಗೆ ಗಟ್ಟಿ ಪದಾರ್ಥ ಮುಟ್ಟಬಾರದೆಂದು ಹೇಳಿ ಕಳಿಸಿದರು. ಮರುದಿನವೇ ಹಂಸಭಾವಿಯಿಂದ ಹುಡುಗ ಫಕ್ಕೀರೇಶ ಮತ್ತು ಅವನ ಮನೆಯವರು ನನ್ನ ಮಗಳು ಶೈಲಶ್ರೀಯನ್ನು ನೋಡಲು ಬಂದರು. ಹುಡುಗ, ಹುಡುಗಿ ಒಪ್ಪಿದರು. ಪಡಸಾಲೆಯಲ್ಲಿ ‘ಸೆಟ್ ಆತು’ ಎಂದು ತಮ್ಮ ಜಯಕಾರವೂ ಆಯಿತು. ಆದರೆ ನಮ್ಮಲ್ಲಿ ಬೀಗರು ಕೊಟ್ಟ ಎಲೆ-ಅಡಿಕೆಯನ್ನು ಮನೆಯ ಹಿರಿಯರು ಅಗಿದ ಮೇಲೆಯೇ ಮಾತು ಪಕ್ಕಾ. ತಾಟು ಕರೆವ್ವಳ ಮುಂದೆ ಬಂತು. ಆಕೆ ಸೆರಗಿನಿಂದ ಬಾಯಿ ಮುಚ್ಚಿ ಗೋಡೆ ನೋಡುತ್ತ ಕುಳಿತಳು.

ಅಜ್ಜಿಗೇ ಮನಸ್ಸಿಲ್ಲವೆಂದು ಬೀಗರ ಕಡೆ ಗುಸುಗುಸು ಎದ್ದಿತು. ಒಬ್ಬರಂತೂ ಚಪ್ಪಲಿ ಹುಡುಕತೊಡಗಿದರು. ಬಾಗಿಲ ಮರೆಯಲ್ಲಿದ್ದ ಶೈಲಶ್ರೀಯ ಮುಖ ನೋಡಿ ನನ್ನ ಬಿಪಿ ಏರಿತೋ ಇಳಿಯಿತೋ ತಿಳಿಯದೆ ಎರಡಕ್ಕೂ ಹೆದರಿದೆ. ಬಗ್ಗಿ ಬೇಡಿಕೊಂಡರೆ ತಾಯಿ ತುಟಿ ಅಲುಗಿಸದೆ ಅಂದಳು: “ಸೆಟ್ ಇನ್ನಾ ಸೆಟ್ ಆಗಿಲ್ಲೋ. ಅಗದ್ನಿ ಅಂದ್ರ ತಾಟಿಗೇ ಬೀಳ್ತಾವ.”

ಮಾನ್ಯರೇ, ಆ ಗಳಿಗೆಯಲ್ಲಿ ತಮ್ಮ ಒಂದೇ ಅವತಾರ ಕೈಕೊಟ್ಟು ಉಳಿದ ಅವತಾರಗಳ ಮರ್ಯಾದೆಯನ್ನೂ ಕಳೆಯಿತು.

ಆಗ ಹುಡುಗನ ಅಜ್ಜಿ ಎದ್ದು ಬಂದು ಕರೆವ್ವಳ ಪಕ್ಕ ಕುಳಿತು, ಸೆರಗಿನ ಸಂದಿಯಲ್ಲಿ ಇಣುಕಿ, “ಹೊಸಾವೇನವಾ?” ಎಂದರು. ತಾಯಿ ತಲೆಯಾಡಿಸಿದಳು. “ನನ್ನವೂ ಬರೇ ತೋರಸಾಕ ಅದಾವ. ಕುಟ್ಟಾಣಿ ತರಸ್ರಿ,” ಎಂದು ಆಕೆ ತಮ್ಮ ಹಲ್ಲು ತೆಗೆದು ಕರವಸ್ತ್ರದಲ್ಲಿ ಕಟ್ಟಿಕೊಂಡರು. ನಮ್ಮ ತಾಯಿಯೂ ತೆಗೆದಳು. ಕುಟ್ಟಿದ ಎಲೆ-ಅಡಿಕೆಯನ್ನು ಇಬ್ಬರೂ ಬೊಚ್ಚು ಬಾಯಿಯಲ್ಲಿ ಕೆಂಪಗೆ ಅಗಿದರು. ಮಾತು ಪಕ್ಕಾ ಆಯಿತು, ತಮ್ಮ ಹಂಗಿಲ್ಲದೆ.

ಆದಕಾರಣ ತಾವು ದಯಮಾಡಿ ಒಂದೇ ಹುದ್ದೆ ಇಟ್ಟುಕೊಂಡು ಉಳಿದವಕ್ಕೆಲ್ಲ ರಾಜೀನಾಮೆ ಕೊಡಬೇಕು. ಆಗದಿದ್ದರೆ, ಯಾವ ವೇಷದಲ್ಲಿ ಬರುತ್ತೀರೆಂದು ಯಲವಿಗಿ ಸ್ಟೇಷನ್ನಿನ ರೈಲಿನಂತೆ ಮೊದಲೇ ಸಾರಬೇಕು. ತಡವಾಗಿ ಬಂದರೂ ನಡೆಯುತ್ತದೆ.

ತಮ್ಮ ವಿಶ್ವಾಸಿ (ವಿಶ್ವಾಸ ಇನ್ನೂ ಕುದುರಬೇಕು),
ಲಕ್ಕಪ್ಪ, ಹಿರೇಬೆಂಡಿಗೇರಿ

ತಾ.ಕ.: ಮದುವೆಗೆ ತಪ್ಪದೆ ಬರಬೇಕು, ಆದರೆ ಒಬ್ಬರೇ ಬರಬೇಕು. ತಮ್ಮ ಅರ್ಥಗಳಿಗೆಲ್ಲ ರೊಟ್ಟಿ ಬಡಿಯುವಷ್ಟು ಜೋಳ ನಾಲ್ಕು ತಾಲೂಕು ಸೇರಿಸಿದರೂ ಇಲ್ಲ.