ಕ್ರಿಮಿಗಳಿಗೆ ಪ್ರವೇಶವಿಲ್ಲ

ಐವತ್ತೆಂಟನೆಯ ವಯಸ್ಸಿನಲ್ಲಿ ನನಗೆ ಕ್ರಿಮಿಗಳ ಪರಿಚಯವಾಯಿತು. ಅದಕ್ಕೆ ಮೊದಲು ಅವು ಇರಲಿಲ್ಲವೆಂದಲ್ಲ. ನಾನು ಅವುಗಳ ತಂಟೆಗೆ ಹೋಗುತ್ತಿರಲಿಲ್ಲ, ಅವೂ ನನ್ನ ತಂಟೆಗೆ ಬರುತ್ತಿರಲಿಲ್ಲ. ಆಂಧ್ರದ ಗಡಿಯೂರು ಆದೋನಿಯ ಹತ್ತಿ ಮಾರ್ಕೆಟ್ಟಿನಲ್ಲಿ ಮೂವತ್ತು ವರ್ಷದಿಂದ ಕಮಿಷನ್ ಅಂಗಡಿ ನಡೆಸುವ ಏಕಾಂತಪ್ಪ ನಾನು. ತಲೆಯಲ್ಲಿ ಹತ್ತಿಯ ಎಳೆ, ಮೂಗಿನಲ್ಲಿ ಧೂಳು, ಕೈಯಲ್ಲಿ ಬೀದಿಯ ಮಿರ್ಚಿ ಬಜ್ಜಿ. ಇಷ್ಟಿದ್ದೂ ಗುಂಡುಕಲ್ಲಿನ ಹಾಗಿದ್ದೆ.

ಮಗಳು ಶೋಭಾರಾಣಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಹೆಣ್ಣು ಕೂಸು ಹುಟ್ಟಿತು. ಐದನೆಯ ದಿನ ಮನೆಗೆ ಕಳಿಸುವಾಗ ಡಾಕ್ಟರಮ್ಮ, "ಮನೆ ಸ್ವಚ್ಛವಾಗಿರಲಿ, ಕೈ ತೊಳೆಯದೆ ಯಾರೂ ಮಗುವನ್ನು ಮುಟ್ಟಬೇಡಿ" ಎಂದರು. ಅವರು ಹೇಳಿದ್ದು ಎಲ್ಲರಿಗೂ. ನಾನು ಮಾತ್ರ ಅದನ್ನು ನನಗೊಬ್ಬನಿಗೇ ಬಂದ ಸರ್ಕಾರಿ ಆದೇಶವೆಂದು ತಿಳಿದೆ. ಅಂದು ಅಂಗಡಿಯ ಗಾದಿಯ ಮೇಲೆ ಒರಗಿಕೊಂಡು ಫೋನಿನಲ್ಲಿ ಕ್ರಿಮಿಗಳ ವಿಡಿಯೋ ನೋಡತೊಡಗಿದೆ. ಬಿಳಿ ಕೋಟಿನ ಮನುಷ್ಯನೊಬ್ಬ, ಮನೆಯಲ್ಲಿ ಅತಿ ಹೆಚ್ಚು ಕ್ರಿಮಿ ಇರುವುದು ಮೊಬೈಲ್ ಫೋನಿನಲ್ಲಿ ಎಂದ. (ಅದು ಸರಿಯಾಗಿ ಕೇಳಿಸಲಿ ಎಂದು ನಾನು ಫೋನನ್ನು ಕೆನ್ನೆಗೆ ಒತ್ತಿ ಹಿಡಿದಿದ್ದೆ.)

ಮರುದಿನವೇ ಮೆಡಿಕಲ್ ಶಾಪಿಗೆ ಹೋಗಿ ಹಸಿರು, ಹಳದಿ, ಬಿಳಿ, ಮೂರು ಬಣ್ಣದ ಔಷಧಿ ನೀರು ತಂದೆ. "ಏಕಾಂತಪ್ಪ ಗಾರೂ, ಇಂಟ್ಲೋ ಆಪರೇಷನ್ ಥಿಯೇಟರ್ ಪೆಡುತುನ್ನಾರಾ?" ಎಂದು ಅಂಗಡಿಯವನು ನಕ್ಕ. ಮನೆಯಲ್ಲೇ ಆಪರೇಷನ್ ಥಿಯೇಟರ್ ಇಡುತ್ತೀರಾ ಎಂಬ ಅವನ ಮಾತು ನನಗೆ ಹೊಗಳಿಕೆಯಾಗಿಯೇ ಕೇಳಿಸಿತು. ಬಾಗಿಲಿಗೆ ಒಂದು ಬೋರ್ಡು ಬರೆಸಿ ಹಾಕಿದೆ: "ಕ್ರಿಮಿಗಳಿಗೆ ಪ್ರವೇಶವಿಲ್ಲ." ಕ್ರಿಮಿಗಳು ಯಾವ ಮಾಧ್ಯಮದಲ್ಲಿ ಓದಿರುತ್ತವೋ ಗೊತ್ತಿಲ್ಲವಲ್ಲ, ಕೆಳಗೆ ತೆಲುಗಿನಲ್ಲೂ ಬರೆಸಿದೆ.

ನನ್ನ ಹೆಂಡತಿ ಹೂವಮ್ಮ ಬೋರ್ಡು ನೋಡಿದಳು, ನನ್ನನ್ನು ನೋಡಿದಳು, "ಮೊದ್ಲು ಚಪ್ಪಲಿ ಹೊರಗ ಬಿಟ್ಟು ಬರ್ರಿ" ಎಂದಳು. ನಾನು ಚಪ್ಪಲಿ ಹಾಕಿಕೊಂಡೇ ನಡುಮನೆಯಲ್ಲಿ ನಿಂತಿದ್ದೆ.

ಬೋರ್ಡು ಹಾಕಿದ ಮೂರನೆಯ ದಿನ ನನಗೊಂದು ಮಹಾ ಯೋಚನೆ ಹೊಳೆಯಿತು. ಬಟ್ಟೆಯಿಂದ ಒರೆಸಿದರೆ ನೆಲದ ಕ್ರಿಮಿ ಸಾಯಬಹುದು, ಗೋಡೆಯದು? ತೊಲೆಯದು? ನಮ್ಮ ಅಂಗಡಿಗೆ ಹತ್ತಿ ತರುವ ರೈತ ದುರುಗಣ್ಣನ ಹತ್ತಿರ ಬೆನ್ನಿಗೆ ಕಟ್ಟಿಕೊಂಡು ಹೊಡೆಯುವ ಪಂಪಿತ್ತು. ಕೇಳಿದ ಕೂಡಲೇ ಕೊಟ್ಟ. ಅದರೊಳಗೆ ಹಸಿರು ನೀರು ತುಂಬಿಸಿ, ಬೆನ್ನಿಗೇರಿಸಿ, ರಣರಂಗಕ್ಕೆ ಹೊರಟ ದಂಡನಾಯಕನಂತೆ ಬಾಣಂತಿ ಕೋಣೆಯ ಕಡೆ ನಡೆದೆ.

ಹೊಸ್ತಿಲಲ್ಲಿ ಹೂವಮ್ಮ ಎರಡೂ ಕೈ ಚಾಚಿ ಅಡ್ಡ ನಿಂತಳು. ಮೂಗು ಅರಳಿಸಿ ಒಂದೇ ಸಲ ಉಸಿರೆಳೆದುಕೊಂಡಳು.

"ಇದು ಹತ್ತಿ ಹೊಲಕ್ಕ ಎಣ್ಣಿ ಹೊಡಿಯೋ ಪಂಪಲ್ಲೇನ್ರಿ?"

"ಹೌದು. ತೊಳದು ತಂದೀನಿ."

"ಎಷ್ಟ್ ಸಲ?"

"ಒಂದ್ಸಲ... ಅರ್ಧ ಕೊಡ ನೀರು ಹಾಕಿ..."

"ಹುಳ ಸಾಯೋ ಎಣ್ಣಿ ರೀ ಅದು! ಇಪ್ಪತ್ತು ಸಲ ತೊಳದ್ರೂ ಇದು ಮನಿಯೊಳಗ ಬರಂಗಿಲ್ಲ. ಒಳಗಿರೋದು ಕೂಸು, ಹತ್ತಿ ಗಿಡ ಅಲ್ಲ. ಈಗಿಂದೀಗ ವಾಪಸ್ ಕೊಟ್ಟು ಬರ್ರಿ. ಬಂದು ತಲೀ ಮ್ಯಾಲಿಂದ ಸ್ನಾನ ಮಾಡ್ರಿ. ಆ ಅಂಗಿ ಬ್ಯಾರೆ ನೆನಿ ಹಾಕ್ರಿ."

ಮೂವತ್ತು ವರ್ಷ ಹತ್ತಿಯ ನಡುವೆಯೇ ಇದ್ದವನಿಗೆ ಹೊಳೆಯದ್ದು ಅವಳ ಮೂಗಿಗೆ ಹೊಳೆದಿತ್ತು. ಪಂಪು ಇಳಿಸಿ ಆಗಲೇ ವಾಪಸ್ ಕೊಟ್ಟು ಬಂದೆ. ಇದೊಂದನ್ನು ನಾನು ತಮಾಷೆಗೆ ಹೇಳುತ್ತಿಲ್ಲ. ಅವಳು ಅಂದು ಹೊಸ್ತಿಲಲ್ಲಿ ಇಲ್ಲದಿದ್ದರೆ ಏನಾಗುತ್ತಿತ್ತೋ ಎಂದು ನೆನೆಯಲು ಈಗಲೂ ಭಯ.

ಆಮೇಲೆ ನನ್ನ ಕೈಗೆ ಪಂಪು ಸಿಗಲಿಲ್ಲ, ಬಾಯಿ ಮಾತ್ರ ಉಳಿಯಿತು. ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತು ಬಂದವರನ್ನೆಲ್ಲ ವಿಚಾರಿಸತೊಡಗಿದೆ. ಹಾಲಿನವನಿಗೆ ಉಗುರು ತೋರಿಸು ಎಂದೆ. ಎರಡು ದಿನ ಅವನು ಹಾಲೇ ಹಾಕಲಿಲ್ಲ. ನನ್ನ ಸ್ವಂತ ಅಕ್ಕನಿಗೆ, "ಮುತ್ತು ಕೊಡೋ ಹಂಗಿದ್ರ ಗೋಡಿಗೆ ಕೊಡು" ಎಂದೆ. ಅವಳು ಬಂದ ಆಟೋದಲ್ಲೇ ತಿರುಗಿ ಹೋದಳು. ಕೋಣೆಯ ನೆಲವನ್ನು ದಿನಕ್ಕೆ ಮೂರು ಸಲ ಮೂರು ಬಣ್ಣದ ನೀರಿನಲ್ಲಿ ಒರೆಸಿದೆ. ವಾಸನೆಗೆ ಕೂಸಿನ ಕಣ್ಣಲ್ಲಿ ನೀರು ಬಂದು ಅಳತೊಡಗಿದಾಗ ಶೋಭಾರಾಣಿ, "ಅಪ್ಪಾ, ನಿನಗ ಕೈ ಮುಗೀತೀನಿ, ಇಲ್ಲಿ ಕ್ರಿಮಿ ಸಾಯಕ್ಕಿಂತ ಮೊದ್ಲು ನಾನs ಸಾಯ್ತೀನಿ. ಬಾಟ್ಲಿ ಎಲ್ಲಾ ಹೊರಗ ಒಯ್ಯಿ" ಎಂದು ಗದರಿಸಿದಳು.

ಹೀಗೆ ನನ್ನ ಇಲಾಖೆಗಳೆಲ್ಲ ಒಂದೊಂದಾಗಿ ಕೈತಪ್ಪಿದ ಮೇಲೆ, ಬೇರೇನೂ ಕೆಲಸವಿಲ್ಲದೆ, ನಾನು ಹೂವಮ್ಮನನ್ನು ಗಮನಿಸತೊಡಗಿದೆ. ಮದುವೆಯಾಗಿ ಮೂವತ್ತೆರಡು ವರ್ಷವಾದರೂ ಹೀಗೆ ಕೂತು ನೋಡಿದ್ದು ಅದೇ ಮೊದಲು.

ಅವಳು ಬೋರ್ಡು ಹಾಕಲಿಲ್ಲ, ಭಾಷಣ ಮಾಡಲಿಲ್ಲ. ಕೂಸನ್ನು ಎತ್ತುವ ಮೊದಲು ಬಚ್ಚಲಿಗೆ ಹೋಗಿ ಬಳೆ ಮೇಲಕ್ಕೆ ಸರಿಸಿ ಸಾಬೂನಿನಿಂದ ಕೈ ತೊಳೆಯುತ್ತಿದ್ದಳು. ದಿನಕ್ಕೆ ಎಷ್ಟು ಸಲವೋ, ನಾನು ಹದಿನೆಂಟರವರೆಗೆ ಎಣಿಸಿ ಬಿಟ್ಟೆ. ನಮ್ಮ ಬೀದಿಯಲ್ಲಿ ನಲ್ಲಿ ನೀರು ದಿನವೂ ಬರುವುದಿಲ್ಲ. ಆದರೂ ಕೂಸಿನ ಬಟ್ಟೆಗೆಂದೇ ಎರಡು ಕೊಡ ಬೇರೆ ತುಂಬಿಡುತ್ತಿದ್ದಳು. ಒಗೆದದ್ದನ್ನು ಮಾಳಿಗೆಯ ಮೇಲೆ, ಚಪ್ಪಲಿ ಇಲ್ಲದೆ ಕಾಲಿಡಲಾಗದ ನಮ್ಮೂರ ಬಿಸಿಲಿನಲ್ಲಿ ಒಣಗಿಸಿ, ಮಡಚಿ, ಮುಚ್ಚಿದ ಡಬ್ಬಿಯಲ್ಲಿಡುತ್ತಿದ್ದಳು. ನೆಲಕ್ಕೆ ಒಂದೇ ಬಕೆಟ್ಟು ನೀರು, ಒಂದೇ ಮುಚ್ಚಳ ಫಿನಾಯಿಲು. ಅದೂ ಕೂಸು ಪಕ್ಕದ ಕೋಣೆಯಲ್ಲಿರುವಾಗ.

ಎಲ್ಲಕ್ಕಿಂತ ದೊಡ್ಡದು ಅವಳು ಜನರನ್ನು ತಡೆಯುತ್ತಿದ್ದ ರೀತಿ. ಪಕ್ಕದ ಮನೆಯ ಲಿಂಗಕ್ಕ ಒಮ್ಮೆ ಖೊಕ್ ಖೊಕ್ ಎಂದು ಕೆಮ್ಮುತ್ತಲೇ, "ಎಲ್ಲೈತಿ ನನ್ನ ಬಂಗಾರ?" ಎನ್ನುತ್ತ ಒಳಗೆ ನುಗ್ಗಿದಳು. ನಾನಾಗಿದ್ದರೆ ಅಲ್ಲೊಂದು ಮಹಾಯುದ್ಧವಾಗುತ್ತಿತ್ತು. ಹೂವಮ್ಮ ಓಡಿಬಂದು ಅವಳ ಕೈ ಹಿಡಿದು, "ಅಯ್ಯೋ ಲಿಂಗಕ್ಕ, ನಿನ್ನs ನೆನಸ್ಲಿಕತ್ತಿದ್ದೆ. ಬಾಣಂತಿಗೆ ಖಾರ ಕುಟ್ಟಬೇಕು, ನಿನ್ನ ಕೈ ಹದ ನನಗ ಬರಂಗಿಲ್ಲ. ಅಂಗಳದಾಗ ಕುಂತು ನೀ ಹಿಂಗಿಂಗ ಅಂತ ಹೇಳವ್ವ, ನಾ ಕುಟ್ತೀನಿ" ಎಂದಳು. ಲಿಂಗಕ್ಕ ಅಂಗಳದಲ್ಲಿ ಕೂತಳು. ಹೇಳಿದಳು. ಶುಂಠಿ ಕಷಾಯ ಕುಡಿದಳು. ಕೂಸಿನ ಮುಖ ನೋಡದೆ ಎದ್ದು, ತನಗೆ ಸನ್ಮಾನವಾಯಿತೆಂದು ಬೀಗುತ್ತ ಮನೆಗೆ ಹೋದಳು. ಹೀಗೆ ನೆಗಡಿ ಕೆಮ್ಮಿನ ಹನ್ನೊಂದು ಮಂದಿಯನ್ನು ಅವಳು ಅಂಗಳದಿಂದಲೇ ತಿರುಗಿಸಿದಳು. ಒಬ್ಬರಿಗೂ ತಾವು ತಿರುಗಿ ಹೋದದ್ದು ಗೊತ್ತಾಗಲಿಲ್ಲ. ಇಂಥವಳು ಹತ್ತಿ ವ್ಯಾಪಾರಕ್ಕಿಳಿದಿದ್ದರೆ ನಾನು ಎಂದೋ ಅಂಗಡಿ ಮುಚ್ಚಬೇಕಾಗುತ್ತಿತ್ತು.

ಇಪ್ಪತ್ತೊಂದನೆಯ ದಿನ ತೊಟ್ಟಿಲ ಕಾರ್ಯ. ಅಳಿಯ ವಾಗೀಶ್, ಅವನ ತಂಗಿ, ತಾಯಿ ಸುಭದ್ರಮ್ಮ, ಎಲ್ಲರೂ ಕೌತಾಳಂನಿಂದ ಬರುವವರು. ಹೆಸರನ್ನು ಮಗಳು ಅಳಿಯ ಸೇರಿ ಆರಿಸಿದ್ದರು. ಅಳಿಯನ ತಂಗಿ ಕೂಸಿನ ಕಿವಿಯಲ್ಲಿ ಹೇಳುವವರೆಗೆ ಅದು ಗುಟ್ಟು. ಬೀಗರ ಮುಂದಾದರೂ ನನ್ನ ಶಿಸ್ತು ತೋರಿಸಬೇಕೆಂದು ಹಣೆಗೆ ಹಿಡಿದರೆ ಜ್ವರ ತೋರಿಸುವ ಪಿಸ್ತೂಲಿನಂಥ ಯಂತ್ರ ತಂದು ಬಾಗಿಲಲ್ಲಿ ನಿಂತೆ.

"ಬೀಗರ ಮಾರಿಗೆ ಪಿಸ್ತೂಲ್ ಹಿಡಿಯೋ ಮನಿತನ ನಮ್ದೊಂದs ಇರಬೇಕು ನೋಡ್ರಿ" ಎಂದು ಹೂವಮ್ಮ ಹಣೆ ಚಚ್ಚಿಕೊಂಡಳು.

ಆಟೋ ಇಳಿದ ಸುಭದ್ರಮ್ಮನವರ ಹಣೆಗೆ ನಾನು ಯಂತ್ರ ಹಿಡಿದೇಬಿಟ್ಟೆ. ಮಗಳ ಮುಖ ಬಿಳಿಚಿತು. ಬೀಗಿತ್ತಿ ಸಿಟ್ಟಾದರೆ ಅದರ ಬಿಸಿ ನಾಳೆ ತಾಗುವುದು ಅವಳಿಗೇ ತಾನೇ?

ಸುಭದ್ರಮ್ಮ ಮೂವತ್ತು ವರ್ಷ ಅಂಗನವಾಡಿ ಟೀಚರಾಗಿ ರಿಟೈರಾದವರು. "ಚಲೋ ಮಾಡೀರಿ ಬೀಗರ" ಎಂದರು. "ಎಷ್ಟೈತ್ರಿ?"

"ತೊಂಬತ್ತೇಳು."

"ಸಾಬೂನ ಎಲ್ಲೈತಿ?"

ಬೆರಳ ಸಂದು, ಉಗುರು, ಮಣಿಕಟ್ಟು, ಒಂದನ್ನೂ ಬಿಡದೆ ಅವರು ಕೈ ತೊಳೆದದ್ದನ್ನು ನೋಡಿ ನಾನು ಬೆರಗಾದೆ. ನನ್ನ ವಿಡಿಯೋದ ಬಿಳಿ ಕೋಟಿನವನಿಗೂ ಅಷ್ಟು ಚೆನ್ನಾಗಿ ಬರುತ್ತಿರಲಿಲ್ಲ. ತೊಳೆದಾದ ಮೇಲೆ ಅವರು ಪಕ್ಕಕ್ಕೆ ಸರಿದು ನಿಂತು, "ಈಗ ನೀವು ತೊಳಕೋರಿ ಬೀಗರ. ನಾ ನೋಡ್ತೀನಿ" ಎಂದರು.

ನಾನು ಬಾಗಿದೆ. ಬಾಗಿದವನು ಒಂದು ಸೀನು ಸೀನಿದೆ. ಆಮೇಲೆ ಎರಡು. ಆಮೇಲೆ ಸಾಲಾಗಿ ಐದು.

"ಫಿನಾಯಿಲ್ ವಾಸನೀಗ್ರಿ ಇದು" ಎಂದೆ.

ಸುಭದ್ರಮ್ಮ ಹೂವಮ್ಮನ ಮುಖ ನೋಡಿದರು. ಹೂವಮ್ಮ ಸುಭದ್ರಮ್ಮನ ಮುಖ ನೋಡಿದಳು. ಒಂದೇ ಅಂಗನವಾಡಿಯಲ್ಲಿ ಕಲಿತವರಂತೆ ಇಬ್ಬರೂ ತಲೆಯಾಡಿಸಿದರು. ಹೂವಮ್ಮ ಪಿಸ್ತೂಲು ತೆಗೆದು ನನ್ನ ಹಣೆಗೆ ಹಿಡಿದಳು. ಅದು ಕೆಂಪು ದೀಪ ಹತ್ತಿಸಿ ಕಿಂಯ್ ಎಂದಿತು. ನೂರಾ ಒಂದು!

"ಯಂತ್ರ ಕೆಟ್ಟೈತಿ!" ಎಂದು ಕೂಗಿದೆ.

"ಈಗಷ್ಟs ನನ್ನ ಹಣಿಗಿ ಹಿಡಿದಾಗ ಚಲೋ ಇತ್ತಲ್ರಿ?" ಎಂದರು ಸುಭದ್ರಮ್ಮ, ಬಹಳ ಮರ್ಯಾದೆಯಿಂದ.

ನನ್ನನ್ನು ಹೊರಗಿನ ಸಣ್ಣ ಕೋಣೆಗೆ, ಹತ್ತಿಯ ಸ್ಯಾಂಪಲ್ ಗಂಟುಗಳ ನಡುವೆ ಸೇರಿಸಿದರು. ಜ್ವರದ ಗುಳಿಗೆ, ಬಿಸಿನೀರಿನ ಫ್ಲಾಸ್ಕು, ಮುಖಕ್ಕೊಂದು ಮಾಸ್ಕು. ಬಾಗಿಲು ಎಳೆದುಕೊಳ್ಳುತ್ತ ಹೂವಮ್ಮ, "ಎರಡು ದಿನ ರೀ. ಜ್ವರಾ ಇಳಿದು ನೆಗಡಿ ಹೋಗ್ಲಿ, ನಾನs ಕೂಸನ್ನ ತಂದು ನಿಮ್ಮ ತೊಡಿ ಮ್ಯಾಲೆ ಹಾಕ್ತೀನಿ" ಎಂದಳು. ಆ ದನಿ ಕೇಳಿ ಜಗಳವಾಡುವ ಆಸೆಯೇ ಹೋಯಿತು.

ಕೋಣೆಗೆ ಎರಡು ಕಿಟಕಿ. ನಡುಮನೆಯ ಕಡೆಯದಕ್ಕೆ ಗಾಜು. ಅದರಲ್ಲಿ ಹೆಂಗಸರ ಬೆನ್ನುಗಳು ಕಂಡವು, ಅವುಗಳ ಸಂದಿಯಲ್ಲಿ ತೊಟ್ಟಿಲಿನ ಒಂದು ತುದಿ. ಅಳಿಯನ ತಂಗಿ ಬಗ್ಗಿದಳು, ಕೂಸಿನ ಕಿವಿಯಲ್ಲಿ ಏನೋ ಹೇಳಿದಳು. ಹೇಳಿದ್ದೇ ತಡ ಎಲ್ಲರೂ ಸೇರಿ ವಾಡಿಕೆಯಂತೆ ಅವಳ ಬೆನ್ನಿಗೆ ಗುದ್ದತೊಡಗಿದರು. ಆ ನಗೆ, ಆ ಗದ್ದಲ! ನನಗೆ ಒಂದಕ್ಷರವೂ ಕೇಳಿಸಲಿಲ್ಲ. ಗಾಜಿಗೆ ಮೂಗು ಒತ್ತಿ, "ಏನ್ ಹೆಸರು? ಏನಂತ ಇಟ್ರಿ?" ಎಂದು ಒದರಿದೆ. ಯಾರೂ ತಿರುಗಲಿಲ್ಲ. ಗಾಜಿನ ಮೇಲೆ ನನ್ನ ಉಸಿರಿನ ಮಂಜು ಕೂತು ತೊಟ್ಟಿಲೂ ಕಾಣದಾಯಿತು.

ಊಟ ಶುರುವಾಯಿತು. ಬೀದಿಯ ಕಡೆಯ ಕಿಟಕಿಯ ಬಳಿ ಕೂತಿದ್ದೆ. ಅಷ್ಟರಲ್ಲಿ ಪಕ್ಕದ ಅಂಗಡಿಯ ಸೋಮಶೇಖರಪ್ಪ ಉಂಡು, ಎಲೆಯಡಿಕೆ ಜಗಿಯುತ್ತ ಹೊರಗೆ ಬಂದವನು ನನ್ನನ್ನು ಕಂಡು ದೂರದಿಂದಲೇ ಕೈ ಮುಗಿದ.

"ಭೇಷ್ ಏಕಾಂತಪ್ಪ! ಎಂಥಾ ಹೆಸರು ಹುಡುಕೀಯೋ ಮಾರಾಯಾ!"

"ಯಾರು, ನಾನಾ?"

"ಮತ್ತ್ಯಾರು? ನಿಮ್ಮ ಮನಿಯಾಕಿ ಎಲ್ಲಾರ ಮುಂದ ಹೇಳಿದ್ಲಲ್ಲ. ಮೂರು ದಿವಸ ತಲಿ ಕೆಡಿಸ್ಕೊಂಡು ಯಜಮಾನ್ರೇ ಹೆಸರು ಆರಿಸಿಕೊಟ್ರು, ಅದಕ್ಕs ಆಯಾಸ ಆಗಿ ಮಲಗ್ಯಾರ ಅಂತ. ನಿಮ್ಮ ಬೀಗಿತ್ತಿ ಸೈತ ಹೌದು ಹೌದು ಅಂದ್ರು."

ಬೀಗರಿಗೆ ಪಿಸ್ತೂಲು ಹಿಡಿದು ಸಿಕ್ಕಿಬಿದ್ದವನೆಂದು ಊರೆಲ್ಲ ನಗಬೇಕಾಗಿದ್ದ ಗಂಡನಿಗೆ ಹೂವಮ್ಮ ತುಂಬಿದ ಮನೆಯಲ್ಲಿ ಸನ್ಮಾನ ಮಾಡಿಸಿದ್ದಳು. ಗಂಟಲು ಸರಿಮಾಡಿಕೊಂಡು, ದೊಡ್ಡ ಮನುಷ್ಯನ ದನಿಯಲ್ಲಿ ಕೇಳಿದೆ:

"ಹೆಸರು... ಎಲ್ಲಾರಿಗೂ ಸರಿಯಾಗಿ ಕೇಳಿಸ್ತೇನು? ನೀ ಒಂದ್ಸಲ ಹೇಳು ನೋಡೋಣು."

"ಹಾರಿಕಾ."

ನಾನೇ ಮೂರು ದಿನ ತಲೆ ಕೆಡಿಸಿಕೊಂಡು ಆರಿಸಿದ ಹೆಸರನ್ನು ನಾನು ಆಗ ಮೊದಲ ಸಲ ಕೇಳಿದೆ.

"ಹಾಂ, ಅದs" ಎಂದೆ.

ಸೋಮಶೇಖರಪ್ಪ ಎರಡು ಹೆಜ್ಜೆ ಮುಂದೆ ಬಂದ. "ಹೆಸರು ಚಲೋ ಐತಿ. ಆದ್ರ ಅದರ ಅರ್ಥ ಏನಪಾ? ನಾವು ಊಟದ ಸಾಲಿನ್ಯಾಗ ಅದನ್ನs ಮಾತಾಡ್ಲಿಕತ್ತಿದ್ವಿ. ಹಾರೋ ಹಕ್ಕಿ ಅಂತೇನು?"

ನಾನು ಮಾಸ್ಕು ಮೇಲಕ್ಕೆಳೆದುಕೊಂಡು ಗಂಭೀರವಾಗಿ ಹೇಳಿದೆ:

"ಒಳಗ ಹೋಗಿ ನಮ್ಮಾಕಿನ್ನ ಕೇಳು. ಹೆಸರಿಡೋದಷ್ಟs ನನ್ನ ಕೆಲಸ. ಅರ್ಥ ಹೇಳೋದು ಆಕಿಗೆ ಬಿಟ್ಟೀನಿ."