ಡಾಸನ್ನು ಕೇಳದೆ ಬರೆದ ಅಕ್ಷರಗಳು

“ಇದು ಮಿಕ್ಸರ್ ಅಲ್ಲಮ್ಮಾ, ಕಂಪ್ಯೂಟರು. ನಿಮ್ಮ ಕೈಲಿ ಆಗೋದಲ್ಲ,” ಎಂದು ಯಂತ್ರ ಮಾರಿದವನೇ ಹೇಳಿದ್ದ. ಏಳನೇ ತರಗತಿಗೆ ಶಾಲೆ ಬಿಟ್ಟವಳಿಗೆ ಇದೆಲ್ಲ ಯಾಕೆ ಎಂದು ಸೋದರಮಾವ ಬೀಗರ ಮನೆಗಳಲ್ಲೆಲ್ಲ ನಕ್ಕು ಬಂದರು. ಆಗ ನಾನು ಜಹೀರಾಬಾದಿನಲ್ಲಿ ಟೈಪಿಂಗ್ ಅಂಗಡಿ ನಡೆಸುತ್ತಿದ್ದೆ. ಪಕ್ಕದಲ್ಲಿ ಡಿಕ್ಷನರಿ ಇಟ್ಟುಕೊಂಡು ಇಂಗ್ಲಿಷ್ ಪುಸ್ತಕ ಓದಿ, ಎಂಬತ್ತರ ದಶಕ ಮುಗಿಯುವಷ್ಟರಲ್ಲಿ ಪ್ರೋಗ್ರಾಮ್ ಬರೆಯಲು ಕಲಿತೇಬಿಟ್ಟೆ. ಕಲಿತ ಮೇಲೆ ಗೊತ್ತಾಯಿತು, ಯಂತ್ರ ನಾವು ಹೇಳಿದಷ್ಟು ಕೇಳುತ್ತದೆ. ನಗಿಸುವವರು ಅದರ ಸುತ್ತ ನಿಂತವರು, ಅಂಥವರು ಎಲ್ಲಿ ಹೋದರೂ ಸಿಗುತ್ತಾರೆ.

ಮುನೀಮರ ಚಹಾ

ನನ್ನ ಮೊದಲ ದೊಡ್ಡ ಕೆಲಸ ತಾಂಡೂರಿನ ಒಂದು ದಾಲ್ ಮಿಲ್ಲಿನದು. ರೈತ ತೊಗರಿ ತಂದಾಗ ತೂಕ, ದರ, ಒಟ್ಟು ಹಣ ಎಲ್ಲ ಪರದೆಯ ಮೇಲೆ ಬಂದು ಚೀಟಿ ಅಚ್ಚಾಗಬೇಕು. ಬಂದದ್ದೇನೋ ಬಂತು, ಸಾಲಿನ ಹಿಂದೆ ಸಾಲು, ತೆವಳುತ್ತ.

ಮಿಲ್ಲಿನ ಸಾವಕಾರರು ನೋಡಿ, “ಅಕ್ಕಾರ, ನಿಮ್ಮ ಮಶೀನ್ ಬರಿಯೋದ್ರಾಗ ನಮ್ಮ ಮುನೀಮ ಚಾ ಕುಡದು ಬಂದಾನ. ಹೊಸ ತೊಗರಿ ಬರೋದ್ರಾಗ ಜಲ್ದಿ ಮಾಡ್ರಿ. ಇಲ್ಲಾಂದ್ರ ವಾಪಸ್ ಒಯ್ರಿ,” ಎಂದರು.

ಲೆಕ್ಕ ಬರೆಯುವ ಆ ಮುನೀಮರಿಗೆ ಮಾತ್ರ ನನ್ನ ಪ್ರೋಗ್ರಾಮು ಬಹಳ ಹಿಡಿಸಿತ್ತು. “ಎರಡನೇ ಚಾನೂ ಆಗ್ತದರಿ,” ಎಂದರು.

ಕಿಟಕಿಯ ಸೀಟು

ತಡವಾಗುತ್ತಿದ್ದುದು ಯಂತ್ರವನ್ನು ನಡೆಸುವ ಮೂಲ ಪ್ರೋಗ್ರಾಮಾದ ಡಾಸ್‌ನಿಂದ. ಪರದೆಯ ಮೇಲೆ ಒಂದು ಅಕ್ಷರ ಮೂಡಬೇಕಾದರೂ ನಾನು ಡಾಸ್‌ಗೆ ಹೇಳಬೇಕು, ಅದು ಯಂತ್ರದೊಳಗಿನ ಇನ್ನೊಂದು ಪ್ರೋಗ್ರಾಮಿಗೆ ಹೇಳಬೇಕು, ಅದು ಅಕ್ಷರವನ್ನು ಪರದೆಯ ಮೆಮೊರಿಯಲ್ಲಿ ಇಡಬೇಕು. ಆ ಮೆಮೊರಿಯಲ್ಲಿ ಯಾರನ್ನೂ ಕೇಳದೆ ನಾನೇ ಬರೆಯಬಹುದು ಎಂದು ಪುಸ್ತಕದಲ್ಲಿ ಓದಿದೆ.

ಯಂತ್ರ ರಿಪೇರಿಗೆ ಹೈದರಾಬಾದಿನಿಂದ ಬಂದಿದ್ದ ಎಂಜಿನಿಯರರಿಗೆ ಇದನ್ನು ಹೇಳಿದರೆ ಮುಖ ಕೆಂಪಾಯಿತು. ಅವರು ಬೀದರ ಕಡೆಯವರು. “ಹಂಗ ಮಾಡಬ್ಯಾಡ್ರಿ! ಒಂದೊಂದು ಬಾಗಲಾ ದಾಟಿನೇ ಹೋಗಬೇಕು. ನಾಳೆ ಮಶೀನ್ ಬದ್ಲಾತು ಅಂದ್ರ ನಿಮ್ಮ ಅಕ್ಷರ ಎಲ್ಲಿ ಹೋಗಿ ಬೀಳ್ತಾವೋ ಯಾರಿಗೆ ಗೊತ್ತು?”

ಬೈಯುತ್ತಲೇ ಹೈದರಾಬಾದ್ ಬಸ್ಸು ಹಿಡಿಯಲು ನನ್ನ ಜೊತೆ ಬಸ್ ಸ್ಟ್ಯಾಂಡಿಗೆ ನಡೆದರು. ಬಸ್ಸು ಬಂತು. ಬಾಗಿಲಲ್ಲಿ ಜನ ಮುತ್ತಿದ್ದರು. ಎಂಜಿನಿಯರರು ಕಿಟಕಿಯೊಳಗೆ ಕೈಚೀಲ ಎಸೆದು ಸೀಟು ಹಿಡಿದರು. ಆಮೇಲೆ ನಿಧಾನವಾಗಿ ಮುಂದೆ ಹೋಗಿ ಬೋರ್ಡು ನೋಡಿದರೆ ಅದು ನಾರಾಯಣಖೇಡದ ಬಸ್ಸು. ಅಷ್ಟರಲ್ಲಿ ಕಂಡಕ್ಟರ್ ಸೀಟಿ ಊದಿದ, ಚೀಲ ಹೊರಟೇ ಹೋಯಿತು.

“ಸರ್, ನಿಮ್ಮ ಮಾತು ಈಗ ಪೂರಾ ತಿಳೀತು ನೋಡ್ರಿ,” ಎಂದೆ.

ಶಾಂತ ಯಂತ್ರ

ತಿಳಿದರೂ ಬಿಡಲಿಲ್ಲ. ಪರದೆಗೆ ನೇರವಾಗಿಯೇ ಬರೆದೆ. ತಾಂಡೂರಿಗೆ ಒಯ್ಯುವ ಮೊದಲು ನಾರಾಯಣಖೇಡದ ಒಂದು ಬೀಜದ ಅಂಗಡಿಯಲ್ಲಿ ಹಾಕಿ ನೋಡಿದೆ. ಮಿಂಚಿನ ಹಾಗೆ ನಡೆಯಿತು.

ಸ್ವಲ್ಪ ದಿನ ಬಿಟ್ಟು ಹೋದರೆ ಗುಮಾಸ್ತರು ಕಪ್ಪು ಪರದೆಯ ಮುಂದೆ ಕುಳಿತು ಆರಾಮವಾಗಿ ಬಿಲ್ ಹೊಡೆಯುತ್ತಿದ್ದಾರೆ. ಪರದೆಯಲ್ಲಿ ಒಂದಕ್ಷರವಿಲ್ಲ. ಅಂಗಡಿಯವರು ಬಣ್ಣದ ಪರದೆ ಹಾಕಿಸಿದ್ದರು. ಅದಕ್ಕೆ ಅಕ್ಷರ ಇಡುವ ಜಾಗವೇ ಬೇರೆ, ನನ್ನ ಪ್ರೋಗ್ರಾಮು ಹಳೆಯ ಜಾಗದಲ್ಲೇ ಬರೆಯುತ್ತಿತ್ತು. ಅಚ್ಚು ಮಾತ್ರ ಡಾಸ್ ಮೂಲಕ ಹೋಗುತ್ತಿದ್ದುದರಿಂದ ಬಿಲ್ ಸರಿಯಾಗಿ ಬರುತ್ತಿತ್ತು.

“ಏನೂ ಕಾಣವಲ್ದಲ್ರಿ?” ಎಂದೆ.

“ಹೌದ್ರಿ ಅಕ್ಕಾರ. ಹೊಸಾದು ಭಾಳ ಶಾಂತ ಅದ, ಕಣ್ಣು ಉರಿಯಂಗಿಲ್ಲ.”

“ಬಣ್ಣದ್ದು ತಂದು ಕರಿ ಪರದಿ ನೋಡ್ಕೋತ ಕುಂತೀರಲ್ಲಾ?”

“ಬಣ್ಣಕ್ಕ ನಿಮಗ ಬ್ಯಾರೆ ರೊಕ್ಕ ಕೊಡಬೇಕೇನೋ ಅಂದ್ಕೊಂಡು ಸುಮ್ನಿದ್ವಿ!”

ಯಾವ ಪರದೆ ಇದೆ ಎಂದು ಯಂತ್ರವನ್ನು ಮೊದಲು ವಿಚಾರಿಸಿಕೊಂಡೇ ಬರೆಯುವ ಹಾಗೆ ಅಂದೇ ತಿದ್ದಿದೆ. ಡಾಸ್ ಬಳಿಗೆ ಮಾತ್ರ ಮರಳಿ ಹೋಗಲಿಲ್ಲ.

ನೋಡದೆ ಮಾಡಿದ ಲೆಕ್ಕ

ಹೊಸ ತೊಗರಿ ಬರಲು ಶುರುವಾದ ದಿನ ತಾಂಡೂರಿನಲ್ಲಿ ಎದೆಯುಬ್ಬಿಸಿ ಕುಳಿತೆ. ಒಬ್ಬ ಮುದುಕ ರೈತರು ಪರದೆ ಕಾಣುವ ಹಾಗೆ ಕಿಟಕಿಯ ಮುಂದೆ ನಿಂತರು. ನಾನು ತೂಕ ಒತ್ತಿದೆ. ರೆಪ್ಪೆ ಬಡಿಯುವುದರೊಳಗೆ ಪರದೆ ತುಂಬಿತು.

“ಹಚ್ರಿ ಮತ್ತ, ಚಾಲೂ ಮಾಡ್ರಿ,” ಎಂದರು ಸಾವಕಾರರು.

“ಆತಲ್ರಿ.”

“ಎಲ್ಲಿ ಆತು? ಅದು ಏನೂ ಮಾಡ್ಲೇ ಇಲ್ಲ!”

ಮುದುಕ ಚೀಟಿ ಮುಟ್ಟಲಿಲ್ಲ. “ತಂಗೀ, ಇದು ನನ್ನ ತೊಗರಿ ಕಣ್ಣೆತ್ತಿ ಸುದ್ದಾ ನೋಡಿಲ್ಲ. ಮೊದಲೇ ಬರದಿಟ್ಟೀರಿ. ನಾ ಬಾಜೂ ಮಿಲ್ಲಿಗಿ ಹೋಗ್ತೀನಿ.” ಹಿಂದಿನ ಬಂಡಿಗಳವರೂ ಎತ್ತು ತಿರುಗಿಸತೊಡಗಿದರು.

ಸಾವಕಾರರು ಕೈ ಮುಗಿದರು. “ಅಕ್ಕಾರ, ಹಳೇದು ಹಾಕ್ರಿ. ಇಲ್ಲಾಂದ್ರ ನಿಮ್ಮ ಮಶೀನ್ ಎತ್ಕೊಂಡು ಹೋಗ್ರಿ.”

ಹಳೆಯದು ಹಾಕುವುದೆಂದರೆ ಡಾಸ್‌ಗೆ ಶರಣಾಗುವುದು. ನನ್ನಿಂದಾಗಲಿಲ್ಲ. ಅಲ್ಲೇ ಕುಳಿತು, ಒಂದೊಂದು ಸಾಲು ಬರೆದ ಮೇಲೂ ಯಂತ್ರ ಸುಮ್ಮನೆ ಕಾಯುವ ಹಾಗೆ ಮಾಡಿದೆ. ಒಟ್ಟು ಹಣದ ಮುಂದೆ ಇನ್ನಷ್ಟು ಕಾಯಿಸಿ, ಕೊನೆಗೆ ಕುಂಯ್ ಅನ್ನಿಸಿದೆ.

ಮುದುಕ ಸಾಲು ಸಾಲಿಗೂ ತಲೆಯಾಡಿಸಿದರು. ಕುಂಯ್ ಅಂದ ಕೂಡಲೇ ಚೀಟಿ ಇಸಿದುಕೊಂಡು, “ಹಾಂ! ಈಗ ನೋಡು, ಪಾಪ, ತಲಿ ಕೆಡಿಸ್ಕೊಂಡು ಲೆಕ್ಕ ಹಾಕ್ತು,” ಎಂದರು. ಬಂಡಿಗಳು ಮರಳಿ ಸಾಲಿಗೆ ಬಂದವು.

ಸಾವಕಾರರು ನನ್ನ ಬೆನ್ನು ತಟ್ಟುವುದೊಂದು ಬಾಕಿ. “ನಾ ಕೇಳಿದ್ದು ಇದೇ ನೋಡ್ರಿ ಅಕ್ಕಾರ. ಎಷ್ಟು ಜಲ್ದಿ ಆತು!”

ಅದು ಡಾಸ್ ಇದ್ದಾಗಿನದಕ್ಕಿಂತ ಒಂದಿಷ್ಟು ನಿಧಾನವೇ ಇತ್ತು.

ಈಗ ಜಹೀರಾಬಾದಿನ ಸಡಕಿನ ಮೇಲಿನ ಅಂಗಡಿ ನನ್ನದು, ಒಳಗಿನ ಎರಡು ಯಂತ್ರ ನನ್ನವು, ಈ ಕಡೆಯ ಊರುಗಳಲ್ಲೆಲ್ಲ ಅತಿ ವೇಗದ ಪ್ರೋಗ್ರಾಮೂ ನನ್ನದೇ. ಅದಕ್ಕಾಗಿ ಕೊಹೀರ್ ಕಡೆಯ ಎರಡು ಎಕರೆ ಹೊಲ ಹೋಯಿತು, ಕಣ್ಣಿಗೆ ದಪ್ಪ ಗಾಜಿನ ಚಾಳೀಸು ಬಂತು. ಎಲ್ಲ ಗಿರಾಕಿಗಳಿಗೂ ಸಾಲು ಸಾಲಿಗೆ ಕಾಯಿಸಿಯೇ ಕೊಡುತ್ತೇನೆ; ತಾಂಡೂರಿನ ಆ ದಿನದ ನಂತರ ಆ ವೇಗವನ್ನು ನನ್ನ ಹೊರತು ಇವತ್ತಿನವರೆಗೆ ಯಾರೂ ನೋಡಿಲ್ಲ.